ಢಂ ಎಂದ ಹತ್ತು ಸೆಕೆಂಡಿನೊಳಗೆ: ಮೇಳದಲ್ಲಿ ‘ಗುಂಡಿನ’ ಗದ್ದಲ ತಡೆದ ನಮ್ಮ ಕ್ರಮ

ಜಾತ್ರೆ, ತೇರು, ಬೀಚಿನ ಮೇಳಗಳಲ್ಲಿ ಎಲ್ಲೋ ಢಂ ಎಂದರೆ ಸಾಕು, ‘ಗುಂಡು ಹಾರಿತು’ ಎಂದು ಯಾರೋ ಕೂಗುತ್ತಾರೆ, ಜನ ಎದ್ದೆನೋ ಬಿದ್ದೆನೋ ಎಂದು ಓಡುತ್ತಾರೆ. ಅದನ್ನು ತಡೆಯಲು ನಾವು ಕಟ್ಟಿಕೊಂಡ ಕ್ರಮ ಇದು. ಕಾರವಾರ, ಅಂಕೋಲಾ ಕಡೆಯ ಬೀಚಿನ ಕಾರ್ಯಕ್ರಮಗಳಲ್ಲೂ ಘಟ್ಟದ ಮೇಲೆ ಶಿರಸಿ ಸುತ್ತಿನ ಜಾತ್ರೆಗಳಲ್ಲೂ ನಡೆಸಿ ನೋಡಿದ್ದೇವೆ. ಸಮಿತಿಯ ಹಿರಿಯರು, ಮೈಕ್‌ಸೆಟ್‌ನವರು, ಬಂದೋಬಸ್ತಿನವರು ಎಲ್ಲರಿಂದಲೂ ಮೊದಲು ಬಂದದ್ದು ಒಂದೇ ಮಾತು: ‘ಶಬ್ದದ ವಿಚಾರ ಮೈಕಿನಲ್ಲಿ ಎತ್ತಿದರೆ ಇಲ್ಲದ ಹೆದರಿಕೆ ಹುಟ್ಟಿಸಿದ ಹಾಗಾಗ್ತದೆ.’ ಈಗ ಅದೇ ಹಿರಿಯರು ಗರ್ನಾಲಿಗೆ (ಜಾತ್ರೆಯಲ್ಲಿ ಹೊಡೆಯುವ ಭಾರೀ ಸದ್ದಿನ ಪಟಾಕಿ) ಬೆಂಕಿ ಕೊಡುವ ಮೊದಲು ‘ಮೈಕಿನಲ್ಲಿ ಹೇಳಿ ಆಯ್ತಾ?’ ಎಂದು ಕೇಳುತ್ತಾರೆ. ಪಾಳಿ ಹಾಕುವುದು, ಬ್ಯಾರಿಕೇಡ್ ಕಟ್ಟುವುದು ಗೊತ್ತಿರುವವರಿಗೇ ಬರೆಯುತ್ತಿರುವುದರಿಂದ ನೇರ ಕೆಲಸಕ್ಕೆ ಬರುತ್ತೇನೆ.

ಮೊದಲನೆಯದು ಶಬ್ದದ ಪಟ್ಟಿ. ಅಂಗಡಿ, ತೊಟ್ಟಿಲು, ಜನರೇಟರ್ ಎಲ್ಲ ಜೋಡಣೆಯಾದ ಮೇಲೆ, ಹಿಂದಿನ ದಿನ, ನಾಳೆ ಜನ ಸೇರುವ ಹೊತ್ತಿಗೇ ಇಬ್ಬರು ಮೈದಾನ ಪೂರ್ತಿ ಸುತ್ತಬೇಕು. ಬೆಳಿಗ್ಗೆ ಸುತ್ತಿದರೆ ಪ್ರಯೋಜನವಿಲ್ಲ. ಕರಾವಳಿಯಲ್ಲಿ ಮಧ್ಯಾಹ್ನ ಗಾಳಿ ಕಡಲಿನಿಂದ ನೆಲಕ್ಕೆ, ರಾತ್ರಿ ನೆಲದಿಂದ ಕಡಲಿಗೆ. ಹಗಲು ಕೇಳಿಸದ ರಸ್ತೆಯ ಸದ್ದು ರಾತ್ರಿ ಮರಳಿನ ಮೇಲೆ ಪಕ್ಕದಲ್ಲೇ ಆದಂತೆ ಬರುತ್ತದೆ. ಕಾರವಾರದ ಟ್ಯಾಗೋರ್ ಬೀಚಿಗೆ 66ನೇ ಹೆದ್ದಾರಿ ಅಂಟಿಕೊಂಡೇ ಇರುವುದರಿಂದ ಅಲ್ಲಿ ಈ ಸುತ್ತು ತಪ್ಪಿಸಲೇಬಾರದು.

ಪಟ್ಟಿಯಲ್ಲಿ ಮೇಲಿರುವುದು ಬಲೂನ್ ಹೊಡೆಯುವ ಅಂಗಡಿ. ಏರ್‌ಗನ್ನಿನ ಸದ್ದು ಕಡಿಮೆ, ಹೆದರಿಸುವುದು ಬಲೂನು. ಬಲೂನ್ ಚಿಕ್ಕದಾಗಿ ಊದಿಸಿ, ಹಲಗೆಯ ಹಿಂದೆ ತೆಂಗಿನ ನಾರು ತುಂಬಿದ ಗೋಣಿಚೀಲ ಎರಡು ಪದರ ಕಟ್ಟಿಸಿದರೆ ಚುರುಕು ಹೋಗಿ ಬರೀ ‘ಟಪ್’ ಉಳಿಯುತ್ತದೆ. ಬೆನ್ನಿಗೆ ತಗಡಿನ ಶೀಟ್ ಇದ್ದರೆ ಅದೇ ಸದ್ದು ಇಮ್ಮಡಿಯಾಗುತ್ತದೆ, ತೆಗೆಸಿಬಿಡಿ. ಅಂಗಡಿಯವರು ಒಪ್ಪುವುದಿಲ್ಲ, ಸದ್ದಿಗೇ ಗಿರಾಕಿ ಬರುವುದು ಎನ್ನುತ್ತಾರೆ. ಬಾಡಿಗೆಯಲ್ಲಿ ಇನ್ನೂರು ಮುನ್ನೂರು ಬಿಟ್ಟರೆ ಒಪ್ಪುತ್ತಾರೆ.

ಎರಡನೆಯದು ಅಂಗಡಿಗಳ ಸಣ್ಣ ಪೆಟ್ರೋಲ್ ಜನರೇಟರ್. ಚೋಕ್ ಹಾಗೇ ಬಿಟ್ಟಾಗ, ಲೋಡ್ ಇಳಿಸದೆ ಒಮ್ಮೆಲೇ ಆಫ್ ಮಾಡಿದಾಗ, ಉರಿಯದ ಪೆಟ್ರೋಲ್ ಬಿಸಿ ಸೈಲೆನ್ಸರಿನಲ್ಲಿ ಹೊತ್ತಿ ಒಂದೇ ಏಟು ಹೊಡೆಯುತ್ತದೆ. ಎರಡು ಕೆಲಸ: ಹೊಗೆಕೊಳವೆ ಜನರ ಕಡೆಗಿರದಂತೆ ತಿರುಗಿಸುವುದು, ಬಲ್ಬು ಆರಿಸಿದ ಮೇಲೆ ಒಂದು ನಿಮಿಷ ಖಾಲಿ ಓಡಿಸಿ ಆಫ್ ಮಾಡಬೇಕೆಂದು ಅಂಗಡಿಯವನಿಗೆ ಹೇಳಿ ಬರುವುದು. ಟ್ರಾನ್ಸ್‌ಫಾರ್ಮರ್‌ನ ಫ್ಯೂಸ್ ಹಾರಿದರೆ ಸದ್ದಿನ ಜೊತೆ ಬೆಳಕೂ ಮಿಂಚುತ್ತದೆ, ಕತ್ತಲೂ ಆಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಅದೇ. ಅದರ ಸುತ್ತ ಮೂವತ್ತಡಿ ಯಾರನ್ನೂ ಕೂರಿಸಬೇಡಿ.

ಬ್ಯಾರಿಕೇಡ್ ಬೀಳುವುದನ್ನು ಹಗುರ ಎಂದುಕೊಳ್ಳಬೇಡಿ. 2018ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ದೊಡ್ಡ ಸಂಗೀತ ಕಾರ್ಯಕ್ರಮದಲ್ಲಿ ಬ್ಯಾರಿಕೇಡ್ ಬಿದ್ದ ಸದ್ದನ್ನೇ ಗುಂಡೆಂದು ತಿಳಿದು ಸಾವಿರಾರು ಜನ ಓಡಿದರು. 2019ರ ಆಗಸ್ಟಿನಲ್ಲಿ ಅದೇ ಊರಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಮೋಟರ್‌ಸೈಕಲ್ಲಿನ ಸೈಲೆನ್ಸರ್ ಸಿಡಿತ ಅಷ್ಟೇ ಕೆಲಸ ಮಾಡಿತು. ನಮ್ಮಲ್ಲಿ ಪಂಕ್ಚರ್ ಅಂಗಡಿಯ ಹಳೇ ಟ್ಯೂಬನ್ನು ಗೇಣುದ್ದ ಕತ್ತರಿಸಿ ಬ್ಯಾರಿಕೇಡಿನ ಕಾಲಿಗೂ ಎರಡರ ಸಂದಿಗೂ ಸುತ್ತುತ್ತೇವೆ. ಖರ್ಚು ಚಹಾದ ದುಡ್ಡಿನಷ್ಟು. ಗಾಜಿನ ಬಾಟಲಿಯನ್ನು ಬಾಗಿಲಲ್ಲೇ ಇಡಿಸಿಕೊಳ್ಳುತ್ತೇವೆ. 2017ರ ಜೂನಿನಲ್ಲಿ ಇಟಲಿಯ ಟುರಿನ್ ಚೌಕದಲ್ಲಿ ಫುಟ್‌ಬಾಲ್ ನೋಡುತ್ತಿದ್ದ ಜನ ಹೆದರಿ ಓಡಿದಾಗ ಗಾಯಗೊಂಡವರು 1,500ಕ್ಕೂ ಹೆಚ್ಚು, ಬಹಳ ಜನರನ್ನು ಕೊಯ್ದದ್ದು ನೆಲದ ಮೇಲಿನ ಬಾಟಲಿ ಚೂರು.

ಇನ್ನು ನಮ್ಮದೇ ಮೈಕ್‌ಸೆಟ್. ಕರೆಂಟ್ ಹೋಗಿ ಜನರೇಟರಿಗೆ ಬದಲಾಗುವಾಗ ಆಂಪ್ಲಿಫೈಯರ್ ಕೊಡುವ ‘ದಢ್’ ಮೈದಾನದ ಅತಿ ದೊಡ್ಡ ಸದ್ದು. ಮಿಕ್ಸರಿಗೆ, ಅಂದರೆ ಎಲ್ಲ ಮೈಕಿನ ದನಿ ಕೂಡಿಸುವ ಪೆಟ್ಟಿಗೆಗೆ, ಒಂದು ಪ್ರತ್ಯೇಕ ಯುಪಿಎಸ್ ಇರಲೇಬೇಕು. ಹಚ್ಚುವಾಗ ಮಿಕ್ಸರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆರಿಸುವಾಗ ಆಂಪ್ಲಿಫೈಯರ್ ಮೊದಲು. ಎಲ್ಲ ಆಪರೇಟರಿಗೂ ಗೊತ್ತು, ಅವಸರದಲ್ಲಿ ಯಾರೂ ಮಾಡುವುದಿಲ್ಲ. ಹಾಗಾಗಿ ಸ್ವಿಚ್‌ಬೋರ್ಡಿನ ಮೇಲೇ ಬಣ್ಣದ ಟೇಪಿನಲ್ಲಿ 1, 2, 3 ಎಂದು ಅಂಟಿಸುತ್ತೇವೆ.

ಎಷ್ಟೇ ತಡೆದರೂ ಸದ್ದು ಆಗಿಯೇ ಆಗುತ್ತದೆ. ಆದಾಗ ಏನು ಮಾಡಬೇಕೆಂಬುದೇ ನಮ್ಮ ಕ್ರಮದ ಹುರುಳು. ಪಟ್ಟಿಯ ಪ್ರತಿಯೊಂದು ಸದ್ದಿನ ಜಾಗದಲ್ಲೂ ವಾಕಿಟಾಕಿ ಹಿಡಿದ ಒಬ್ಬ ಹುಡುಗ. ಸದ್ದಾದ ಕೂಡಲೇ, ಕಣ್ಣಾರೆ ಕಂಡಿದ್ದರೆ ಮಾತ್ರ, ‘ಇದು ನನ್ನದು’ ಎಂದು ಸಂಕೇತದಲ್ಲಿ ಹೇಳಬೇಕು. ವೇದಿಕೆಯ ಪಕ್ಕದ ಉದ್ಘೋಷಕ ತಕ್ಷಣ ಮೈಕಿನಲ್ಲಿ ವಸ್ತು, ಜಾಗ, ಎಣಿಕೆ ಹೇಳಬೇಕು: ‘ಬಲೂನ್ ಅಂಗಡಿ, ತೊಟ್ಟಿಲ ಪಕ್ಕ, ಎರಡು ಬಲೂನ್ ಒಡೆದಿದೆ.’ ಹತ್ತು ಸೆಕೆಂಡಿನೊಳಗೆ ಬಂದರೆ ಜನ ತಲೆ ತಿರುಗಿಸಿ ನೋಡಿ ಸುಮ್ಮನಾಗುತ್ತಾರೆ. ಇಪ್ಪತ್ತು ದಾಟಿದರೆ ಓಟ ಶುರುವಾಗಿರುತ್ತದೆ, ಆಮೇಲೆ ಮೈಕಿಗೆ ಕಿವಿ ಕೊಡುವವರಿಲ್ಲ. ಸಂಕೇತ ಯಾವುದು, ಹುಡುಗ ಕಂಡೇ ಹೇಳಿದನೋ ಊಹಿಸಿ ಹೇಳಿದನೋ ಎಂದು ಉದ್ಘೋಷಕ ಹೇಗೆ ಪರೀಕ್ಷಿಸುತ್ತಾನೆ, ಇವೆರಡನ್ನು ಬರೆಯುವುದಿಲ್ಲ. ಕಿಡಿಗೇಡಿಗಳ ಕೈಗೆ ಸಿಕ್ಕರೆ ಕ್ರಮವೇ ಕೆಡುತ್ತದೆ.

ಯಾರೂ ತನ್ನದೆಂದು ಹೇಳದಿದ್ದರೆ? ಆಗ ‘ಏನೂ ಆಗಿಲ್ಲ’ ಎಂಬ ಮಾತು ಬಾಯಿಂದ ಬರಲೇಬಾರದು. ನಿಜವಾದ ಗುಂಡೇ ಆಗಿದ್ದರೆ ಆ ಮಾತು ಜೀವ ತೆಗೆಯುತ್ತದೆ. ಹತ್ತು ಎಣಿಸುವುದರೊಳಗೆ ಉತ್ತರ ಬಾರದಿದ್ದರೆ ಅದು ನಿಜವೆಂದೇ ಲೆಕ್ಕ: ಎಲ್ಲ ಬಾಗಿಲು ತೆರೆ, ದೀಪ ಪೂರ್ತಿ ಹಚ್ಚು, 112ಕ್ಕೆ ಕರೆ, ಮುಂದಿನ ಮಾತು ಪೊಲೀಸರದ್ದು. ಕಿವಿಯಿಂದ ಗುಂಡೋ ಪಟಾಕಿಯೋ ಎಂದು ತೀರ್ಮಾನಿಸುವವರನ್ನು ನಂಬಬೇಡಿ. ಶಿರಸಿ ಕಡೆ ತೋಟದವರಿಗೆ ಹಂದಿ, ಮಂಗ ಓಡಿಸುವ ಕೋವಿ ಈಡಿನ ಸದ್ದು ದಿನದ್ದು, ಅವರೂ ಮೈದಾನದಲ್ಲಿ ತಪ್ಪುತ್ತಾರೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 170 ಮೀಟರ್ ದೂರದ ಗುಡ್ಡಕ್ಕೋ ಕಟ್ಟಡಕ್ಕೋ ತಾಗಿದ ಏಟು ಒಂದು ಸೆಕೆಂಡಿಗೆ ವಾಪಸ್ ಬರುತ್ತದೆ, ಒಂದು ಗರ್ನಾಲು ಮೂರು ಗುಂಡಾಗಿ ಕೇಳಿಸುತ್ತದೆ.

ಮಾತಿನ ಕಟ್ಟಣೆಗೆ ಬಹಳ ತಲೆ ಕೆಡಿಸಿಕೊಂಡಿದ್ದೇವೆ. ‘ಗುಂಡಿನ ಶಬ್ದ ಅಲ್ಲ’ ಎಂದು ಎಂದೂ ಹೇಳಬೇಡಿ. ‘ಅಲ್ಲ’ ವಾಕ್ಯದ ಕೊನೆಗೆ ಬರುತ್ತದೆ, ಗದ್ದಲದಲ್ಲಿ ಮುಳುಗುತ್ತದೆ, ದೂರದವರಿಗೆ ‘ಗುಂಡು’ ಮಾತ್ರ ಉಳಿಯುತ್ತದೆ. ಕನ್ನಡ, ಕೊಂಕಣಿ, ಹಿಂದಿ ಮೂರರಲ್ಲೂ ಹೇಳಿ, ಒಂದೊಂದು ಐದಾರು ಸೆಕೆಂಡ್ ಮೀರದಂತೆ. ಸಂಜೆಯಿಂದ ಮಕ್ಕಳು ತಪ್ಪಿಸಿಕೊಂಡದ್ದು, ಪಾರ್ಕಿಂಗ್ ಎಲ್ಲವನ್ನೂ ಹೇಳುತ್ತಿದ್ದ ಅದೇ ದನಿ ಇದನ್ನೂ ಹೇಳಬೇಕು. ಹಾಡು ಫಕ್ಕನೆ ನಿಲ್ಲಿಸಿದರೆ ಆ ಮೌನವೇ ಹೆದರಿಸುತ್ತದೆ, ಮಿಕ್ಸರಿನಲ್ಲಿ ದನಿ ಏರಿಸಿ ಇಳಿಸುವ ಫೇಡರನ್ನು ಎರಡು ಸೆಕೆಂಡಿನಲ್ಲಿ ಇಳಿಸಿ. ವೇದಿಕೆಯ ಕಲಾವಿದರಿಗೆ ಮೊದಲೇ ತಿಳಿಸಿಡಿ: ಮೈಕಿನಲ್ಲಿ ಹೊರಡಲು ಹೇಳುವ ತನಕ ನಿಂತಲ್ಲೇ ನಿಲ್ಲಿ. ಅವರು ಓಡಿದರೆ ಮೈದಾನವೂ ಓಡುತ್ತದೆ. ಬಂದೋಬಸ್ತಿನವರಿಗೂ ಅದೇ ಕೋರಿಕೆ, ಸದ್ದಿನ ಕಡೆ ಬಿರುಸಾಗಿ ನಡೆಯಿರಿ, ಓಡಬೇಡಿ.

ಗೊತ್ತಿರುವ ಸದ್ದನ್ನು ಮುಂಚೆಯೇ ಹೇಳುವುದು ಇನ್ನೂ ಸಲೀಸು. ‘ಐದು ನಿಮಿಷಕ್ಕೆ ದೇವಸ್ಥಾನದ ಹಿಂದೆ ಮೂರು ಗರ್ನಾಲು’ ಎಂದರೆ ಜನ ಮೂರು ಎಣಿಸುತ್ತಾ ನಿಲ್ಲುತ್ತಾರೆ, ಮಕ್ಕಳ ಕಿವಿ ಮುಚ್ಚುತ್ತಾರೆ. ಹೇಳಿದ್ದು ಮೂರಾದರೆ ನಾಲ್ಕನೆಯದು ಹೊಡೆಯಬಾರದು, ಇದರಲ್ಲಿ ಸಡಿಲ ಬಿಡಬೇಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿನ ಪಟಾಕಿಗೆ ಸುಪ್ರೀಂ ಕೋರ್ಟಿನ 2005ರ ತೀರ್ಪೇ ಅಡ್ಡ ಇದೆ. ನಮಗೆ ಅದು ಅನುಕೂಲವೇ, ಹತ್ತರ ನಂತರ ಕೇಳಿದ ಪಟಾಕಿ ಸದ್ದೆಲ್ಲವೂ ಪಟ್ಟಿಯ ಹೊರಗಿನದು.

ಬಾಗಿಲಿನ ಲೆಕ್ಕ ಚಿಕ್ಕದು. ಸಮತಟ್ಟಿನ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಸುಮಾರು 80 ಜನ. ಮೂರು ಮೀಟರಿನ ಎರಡು ಬಾಗಿಲಿದ್ದರೆ 3,000 ಜನಕ್ಕೆ ಆರು ನಿಮಿಷದ ಮೇಲೆ. ಮರಳಿನಲ್ಲಿ ಇನ್ನೂ ನಿಧಾನ. ಬಾಗಿಲಿನ ಹಗ್ಗವನ್ನು ಬಿಗಿ ಗಂಟಿನಲ್ಲಿ ಕಟ್ಟುವುದು ಎಲ್ಲೆಲ್ಲೂ ಕಾಣುವ ಅಪಾಯ. ದೋಣಿಯವರಿಂದ ಕಟ್ಟಿಸಿ: ಹಗ್ಗದ ತುದಿಯನ್ನು ಪೂರ್ತಿ ಎಳೆಯದೆ ಕುಣಿಕೆಯಾಗಿ ಬಿಟ್ಟ ಗಂಟು, ಜಗ್ಗಿದರೆ ಜಾರದು, ತುದಿ ಎಳೆದರೆ ಒಂದೇ ಸಲಕ್ಕೆ ಬಿಚ್ಚುತ್ತದೆ. ತುದಿಗೆ ಕೆಂಪು ಬಟ್ಟೆ ಕಟ್ಟಿ, ಕತ್ತಲಲ್ಲಿ ಹುಡುಕುವ ಕೆಲಸ ಇರುವುದಿಲ್ಲ.

ದುಡ್ಡು ಕಳೆದದ್ದನ್ನೂ ಹೇಳಬೇಕು. ಸೈರನ್‌ಗೆ ಆರು ಸಾವಿರದ ಹತ್ತಿರ ಹೋಯಿತು. ಊದಿದರೆ ಜನ ಸೈರನ್ನಿಗೇ ಓಡುತ್ತಾರೆ. ಎಲ್‌ಇಡಿ ಬೋರ್ಡಿನ ಬಾಡಿಗೆ ಇಪ್ಪತ್ತು ಸಾವಿರದ ಮೇಲೆ. ಹೆದರಿದವರು ಓದುವುದಿಲ್ಲ. ಮೊದಲೇ ಧ್ವನಿ ಮುದ್ರಿಸಿದ ಘೋಷಣೆಗೆ ಸ್ಟುಡಿಯೋ ಖರ್ಚು ಮೂರು ಸಾವಿರ. ಅದರಲ್ಲಿ ಜಾಗದ ಹೆಸರೇ ಇರುವುದಿಲ್ಲ, ಜನ ನಂಬುವುದೂ ಇಲ್ಲ. ವಾಟ್ಸ್ಯಾಪ್ ಗುಂಪು ಪುಕ್ಕಟೆ, ಆದರೆ ಜನ ತುಂಬಿದ ಮೇಲೆ ನೆಟ್‌ವರ್ಕ್ ಇರುವುದಿಲ್ಲ. ಈಗಿನ ಕ್ರಮಕ್ಕೆ ಮೂರು ದಿನದ ಮೇಳಕ್ಕೆ ಮೂವತ್ತೈದು ನಲವತ್ತು ಸಾವಿರ: ಹತ್ತು ಹನ್ನೆರಡು ವಾಕಿಟಾಕಿಯ ಬಾಡಿಗೆ, ಉದ್ಘೋಷಕರ ಸಂಭಾವನೆ, ಹುಡುಗರ ಊಟ, ಹಿಂದಿನ ಸಾಲುಗಳಿಗೆ ಬ್ಯಾಟರಿಯ ನಾಲ್ಕು ಸಣ್ಣ ಹಾರ್ನ್ ಸ್ಪೀಕರ್. ಹಾರ್ನ್ ದೊಡ್ಡದು ಬೇಡ. ನೂರು ಮೀಟರ್ ದೂರದ ದೊಡ್ಡ ಪೆಟ್ಟಿಗೆಯ ಮಾತು ಮೂರರಲ್ಲೊಂದು ಸೆಕೆಂಡ್ ತಡವಾಗಿ ಬಂದು ಹತ್ತಿರದ ಮಾತಿನ ಮೇಲೆ ಬೀಳುತ್ತದೆ. ಸಣ್ಣವನ್ನು ಕಡಿಮೆ ದನಿಯಲ್ಲಿ, ವೇದಿಕೆಗೆ ಬೆನ್ನು ಮಾಡಿ ಇಟ್ಟು, ನಿಧಾನ ಮಾತಾಡಿದರೆ ಸ್ಪಷ್ಟ.

ಮೊಬೈಲಿನ ಡೆಸಿಬೆಲ್ ಆ್ಯಪ್‌ನಿಂದ ಸದ್ದು ಗುರುತಿಸಲು ಒಂದಷ್ಟು ಕಸರತ್ತು ನಡೆಸಿದೆವು. ಮೊಬೈಲಿನ ಮೈಕ್ ಜೋರು ಸದ್ದಿಗೆ ಕಟ್ಟಿಕೊಂಡುಬಿಡುತ್ತದೆ, ಬಲೂನು, ಗರ್ನಾಲು ಎರಡಕ್ಕೂ ಅದೇ ಅಂಕಿ. ಪಟಾಕಿಗೆ ಕಾನೂನಿನ ಮಿತಿ 4 ಮೀಟರ್ ದೂರದಲ್ಲಿ 125 ಡೆಸಿಬೆಲ್, ಅಷ್ಟನ್ನು ಅಳೆಯಲು ಬೇರೆಯೇ ಮೀಟರ್ ಬೇಕು. ಒಂದು ಲಾಭವಾಯಿತು: ಯಾವ ಜಾಗದಲ್ಲಿ ಮಾರ್ದನಿ ಹೆಚ್ಚು ಎಂದು ರೆಕಾರ್ಡಿಂಗ್ ತೋರಿಸಿತು, ಈಗ ಗರ್ನಾಲು ಅಲ್ಲಿ ಹಚ್ಚುವುದಿಲ್ಲ.

ಇನ್ನೂ ಪೂರ್ತಿ ಹತೋಟಿಗೆ ಬಾರದ್ದು ಬುಲೆಟ್ ಬೈಕಿನವರ ಪಟಾಕಿ ಸೈಲೆನ್ಸರ್. ಓಡುವಾಗ ಕೀ ಆರಿಸಿ ಮತ್ತೆ ಹಚ್ಚಿದರೆ ಸಾಕು, ಎರಡು ಮೂರು ಏಟು ಸಾಲಾಗಿ. ಪಾರ್ಕಿಂಗ್ ಇನ್ನೂರು ಮೀಟರ್ ಆಚೆ ಹಾಕಿ, ಒಳಗೆ ತಳ್ಳಿಕೊಂಡೇ ಬರಬೇಕೆಂದು ಮಾಡಿದ್ದರಿಂದ ಮುಕ್ಕಾಲು ಪಾಲು ಕಡಿಮೆಯಾಗಿದೆ. ಹೆದ್ದಾರಿಯಲ್ಲಿ ಹೋಗುವವರ ಮೇಲೆ ನಮ್ಮ ಕೈ ಇಲ್ಲ. ಅಲ್ಲಿ ನಿಂತ ಹುಡುಗನಿಗೆ ಕತ್ತಲಲ್ಲಿ ಗಾಡಿ ಕಂಡಿರಬೇಕು, ಸದ್ದೂ ಕೇಳಿರಬೇಕು, ಎರಡೂ ಸೇರಿದರೆ ಮಾತ್ರ ‘ನನ್ನದು’ ಎನ್ನಬಹುದು. ಒಬ್ಬನಿಂದ ಆಗದ ಕೆಲಸ. ಮುಂದಿನ ಹಂಗಾಮಿಗೆ ಆ ಜಾಗಕ್ಕೆ ಇಬ್ಬರನ್ನು, ನೂರು ಮೀಟರ್ ಅಂತರದಲ್ಲಿ, ಒಂದೊಂದು ಹೆಚ್ಚುವರಿ ಬ್ಯಾಟರಿ ಕೊಟ್ಟು ನಿಲ್ಲಿಸುತ್ತೇವೆ.