ಕನ್ನಕಳವು ಕೇಸಿನಲ್ಲಿ ಮನೆಯವರು ಮಾಡಬೇಕಾದ್ದು: ಸೆಕ್ಷನ್, ಜಾಮೀನು, ಡಿಫೆನ್ಸ್

ಮನೆಯ ಹುಡುಗನನ್ನು ಕನ್ನಕಳವು ಕೇಸಿನಲ್ಲಿ ಕರೆದುಕೊಂಡು ಹೋಗಿದ್ದಾರೆ ಎಂದು ಗೊತ್ತಾದ ಕೂಡಲೇ ಠಾಣೆಯಲ್ಲಿ ಕ್ರೈಂ ನಂಬರ್ ಮತ್ತು ಸೆಕ್ಷನ್ ಕೇಳಿ ಬರೆದುಕೊಳ್ಳಿ. ಎಷ್ಟು ಗ್ರಾಂ ಚಿನ್ನ ಹೋಗಿದೆ ಎಂಬುದು ಆಮೇಲಿನ ಮಾತು. ಒಳಗೆ ಹೇಗೆ ಹೋದರು, ಹಗಲೋ ರಾತ್ರಿಯೋ ಎಂಬ ಎರಡರ ಮೇಲೆ ಶಿಕ್ಷೆಯ ಪ್ರಮಾಣ ನಿಂತಿದೆ. ಕ್ರೈಂ ನಂಬರ್ ಇದ್ದರೆ ಎಫ್‌ಐಆರ್ ಪ್ರತಿಯನ್ನು ಕರ್ನಾಟಕ ಪೊಲೀಸ್ ವೆಬ್‌ಸೈಟಿನಲ್ಲಿ ಹುಡುಕಬಹುದು. ಅಲ್ಲಿ ಸಿಗದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಪಡೆಯಬೇಕು.

1 ಜುಲೈ 2024ರಿಂದ ನಡೆದ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆ ಅನ್ವಯವಾಗುತ್ತದೆ. ಅದಕ್ಕೂ ಹಿಂದಿನದಾದರೆ ಹಳೇ ದಂಡ ಸಂಹಿತೆ, ಅಂದರೆ ಐಪಿಸಿಯ 454, 457, 380. ಹೊಸ ಸಂಹಿತೆಯಲ್ಲಿ ಕಳವು ಮಾಡಲೆಂದು ಹಗಲು ಹೊತ್ತು ಕನ್ನ ಹಾಕಿದರೆ 331(3), ಗರಿಷ್ಠ 10 ವರ್ಷ. ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮೊದಲಾದರೆ 331(4), ಗರಿಷ್ಠ 14 ವರ್ಷ. ಎರಡಕ್ಕೂ ಕನಿಷ್ಠ ಶಿಕ್ಷೆ ಇಲ್ಲ, ದಂಡ ಇದೆ. ವಾಸದ ಮನೆಯೊಳಗಿನ ಕಳವಿಗೆ 305 ಜೊತೆಗೇ ಬರುತ್ತದೆ, ಅದಕ್ಕೆ 7 ವರ್ಷದವರೆಗೆ. ಕನ್ನ ಹಾಕುವಾಗ ಯಾರಿಗಾದರೂ ತೀವ್ರ ಗಾಯ ಮಾಡಿದ್ದರೆ 331(7), ಅಲ್ಲಿ ಜೀವಾವಧಿಯವರೆಗೂ ಹೋಗಬಹುದು. ಕದ್ದ ಮಾಲೆಂದು ತಿಳಿದೂ ಇಟ್ಟುಕೊಂಡವನಿಗೆ 317(2), 3 ವರ್ಷದವರೆಗೆ. ಒಳಗಿಂದ ಏನನ್ನೂ ಒಯ್ಯದಿದ್ದರೂ ಕದಿಯುವ ಉದ್ದೇಶದಿಂದ ಕನ್ನ ಹಾಕಿದ್ದೇ 331ಕ್ಕೆ ಸಾಕು. ಕೈಯೊಂದು ಒಳಗೆ ಹೋದರೂ ಅದು ಪ್ರವೇಶವೇ.

ಕನ್ನ ಎಂದರೆ ಗೋಡೆ ಕೊರೆಯುವುದು ಮಾತ್ರ ಅಲ್ಲ. ಬೀಗ ತೆಗೆಯುವುದು, ಕಾಂಪೌಂಡ್ ಹತ್ತಿ ಕಿಟಕಿಯಿಂದ ಇಳಿಯುವುದು, ತಂತಿ ತೂರಿಸಿ ಚಿಲಕ ಎತ್ತುವುದು ಎಲ್ಲವೂ ಸೇರಿವೆ. ಮನೆಯವರು ಕಳೆದುಕೊಂಡ ಕೀ ಸಿಕ್ಕಿ, ಅದರಿಂದಲೇ ಬಾಗಿಲು ತೆಗೆದು ಅತಿಕ್ರಮವಾಗಿ ಹೊಕ್ಕರೂ ಕನ್ನವೇ ಎಂದು ಕಾಯ್ದೆಯ ದೃಷ್ಟಾಂತ ಹೇಳುತ್ತದೆ. ಹಾಗಾಗಿ ಶೂ ರ್‍ಯಾಕಿನಲ್ಲಿಟ್ಟ ಕೀಯಿಂದ ತೆಗೆದ, ಏನನ್ನೂ ಮುರಿದಿಲ್ಲ ಎಂಬ ವಾದ ನಿಲ್ಲುವುದಿಲ್ಲ. ಬಾಗಿಲು ಹಾರುಹೊಡೆದಿತ್ತು ಎಂದಾದರೆ ಮಾತು ಬೇರೆ, ಆಗ 331 ಬಿದ್ದುಹೋಗಿ 305 ಉಳಿಯಬಹುದು.

ಬೆಂಗಳೂರಿನ ಅಪಾರ್ಟ್‌ಮೆಂಟ್ ಕೇಸುಗಳಲ್ಲಿ ಹೆಚ್ಚು ತಪ್ಪುವುದು ಇಲ್ಲೇ. ಮನೆಕೆಲಸದವರಿಗೆ ಯಜಮಾನರೇ ಕೀ ಕೊಟ್ಟು ಒಳಗೆ ಬಿಟ್ಟಿದ್ದರೆ ಆ ಪ್ರವೇಶ ಅತಿಕ್ರಮಣವಲ್ಲ. ಆರೋಪ ನಿಜವೇ ಆಗಿದ್ದರೂ ಅದು 306, ಅಂದರೆ ನೌಕರರಿಂದ ಕಳವು, 7 ವರ್ಷದವರೆಗೆ. ಈ 7ಕ್ಕೆ ಬೆಲೆ ಇದೆ: 7 ವರ್ಷದವರೆಗಿನ ಅಪರಾಧಗಳಲ್ಲಿ ಸುಮ್ಮನೆ ಬಂಧಿಸುವಂತಿಲ್ಲ. ಬಂಧನ ಏಕೆ ಬೇಕೆಂದು ಅಧಿಕಾರಿ ಬರೆದಿಡಬೇಕು, ಬೇಡವೆಂದಾದರೆ ಬಂಧನ, ಜಾಮೀನು, ವಿಚಾರಣೆಯ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ಕೆಳಗೆ ಹಾಜರಾಗಲು ನೋಟಿಸ್ ಕೊಡಬೇಕು. ನೋಟಿಸ್ ಬಂದರೆ ತಪ್ಪಿಸಿಕೊಳ್ಳಬೇಡಿ, ಹಾಜರಾಗಿ. ಹಾಜರಾಗದಿರುವುದೇ ಬಂಧನಕ್ಕೆ ಕಾರಣವಾಗುತ್ತದೆ. ಕೆಲಸ ಬಿಟ್ಟ ಮೇಲೂ ಕೀ ಇಟ್ಟುಕೊಂಡು ಬಂದು ಹೊಕ್ಕಿದ್ದರೆ ಈ ರಕ್ಷಣೆ ಸಿಗುವುದಿಲ್ಲ.

ರಾತ್ರಿ ಎಂಬುದನ್ನೂ ಹಾಗೇ ಒಪ್ಪಬೇಡಿ. ಶುಕ್ರವಾರ ಸಂಜೆ ಊರಿಗೆ ಹೋದವರು ಸೋಮವಾರ ಬೆಳಿಗ್ಗೆ ಬಂದು ಬೀಗ ಒಡೆದದ್ದು ನೋಡಿ ದೂರು ಕೊಟ್ಟಿರುತ್ತಾರೆ, ಎಫ್‌ಐಆರ್‌ನಲ್ಲಿ 331(4) ಬಿದ್ದಿರುತ್ತದೆ. ನಡುವೆ ಎರಡು ಪೂರ್ತಿ ಹಗಲು ಇವೆ. ರಾತ್ರಿಯೇ ನಡೆಯಿತೆಂದು ರುಜುವಾತು ಮಾಡಬೇಕಾದವರು ಪ್ರಾಸಿಕ್ಯೂಷನ್‌ನವರು. ಸಿಸಿಟಿವಿಯೋ ಪ್ರತ್ಯಕ್ಷ ಸಾಕ್ಷಿಯೋ ಇಲ್ಲದಿದ್ದರೆ 14 ವರ್ಷದ ಸೆಕ್ಷನ್ 10ಕ್ಕೆ ಇಳಿಯಬೇಕೆಂದು ವಾದಿಸಲು ದೂರಿನ ದಿನಾಂಕಗಳೇ ಸಾಕು.

ಬಂಧನವಾದ ಮೇಲೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಪ್ರಯಾಣದ ಸಮಯ ಮಾತ್ರ ಇದರಲ್ಲಿ ಸೇರದು. ಹುಡುಗನನ್ನು ಎಷ್ಟು ಹೊತ್ತಿಗೆ, ಎಲ್ಲಿಂದ ಕರೆದೊಯ್ದರು ಎಂಬುದನ್ನು ಅವತ್ತೇ ಬರೆದಿಟ್ಟು, ಆ ಬೀದಿಯ ಅಂಗಡಿಯ ಸಿಸಿಟಿವಿ ತುಣುಕನ್ನೂ ತೆಗೆಸಿಟ್ಟುಕೊಳ್ಳಿ. ಠಾಣೆಯ ದಾಖಲೆಯಲ್ಲಿ ಬಂಧನದ ಸಮಯ ಬೇರೆ ಇದ್ದರೆ ಇದೇ ಆಧಾರ. ಬಂಧನದ ಕಾರಣ ತಿಳಿಸುವುದು, ಮನೆಯವರಿಗೆ ಹೇಳುವುದು, ವೈದ್ಯಕೀಯ ತಪಾಸಣೆ, ವಿಚಾರಣೆಯ ನಡುವೆ ವಕೀಲರ ಭೇಟಿ ಎಲ್ಲವೂ ಹಕ್ಕು. ಏಟು ಬಿದ್ದಿದ್ದರೆ ರಿಮ್ಯಾಂಡ್ ಹೊತ್ತಿನಲ್ಲೇ, ಅಂದರೆ ಕಸ್ಟಡಿಗೆ ಒಪ್ಪಿಸಲು ಹಾಜರುಪಡಿಸಿದಾಗಲೇ, ಮ್ಯಾಜಿಸ್ಟ್ರೇಟರಿಗೆ ಬಾಯಿಬಿಟ್ಟು ಹೇಳಬೇಕು. ಅಲ್ಲಿ ಸುಮ್ಮನಿದ್ದು ಆರು ತಿಂಗಳ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. 18 ತುಂಬಿಲ್ಲದಿದ್ದರೆ ಶಾಲೆಯ ಜನ್ಮದಿನಾಂಕದ ದಾಖಲೆ ತೋರಿಸಿ ಬಾಲ ನ್ಯಾಯ ಮಂಡಳಿಗೆ ಕಳಿಸಲು ಕೇಳಿ.

ಕೇಸಿನ ಜೀವ ಇರುವುದು ರಿಕವರಿಯಲ್ಲಿ, ಅಂದರೆ ಕದ್ದ ಮಾಲು ಸಿಕ್ಕ ಬಗೆಯಲ್ಲಿ. ಪೊಲೀಸರು ಬರೆದುಕೊಳ್ಳುವ ಸ್ವಇಚ್ಛಾ ಹೇಳಿಕೆಯಲ್ಲಿ "ನಾನೇ ಕದ್ದೆ" ಎಂದಿದ್ದರೂ ಅದು ಸಾಕ್ಷ್ಯವಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 23ರ ಪ್ರಕಾರ ಆ ಹೇಳಿಕೆಯಿಂದ ಹೊಸದಾಗಿ ಒಂದು ಸಂಗತಿ ಪತ್ತೆಯಾದರೆ ಅಷ್ಟು ಭಾಗ ಮಾತ್ರ ಬರುತ್ತದೆ. ಕಳವಾದ ಸ್ವಲ್ಪದರಲ್ಲೇ ಮಾಲು ಆರೋಪಿಯ ಕೈಯಲ್ಲಿ ಸಿಕ್ಕಿ, ಅವನು ಸರಿಯಾದ ವಿವರಣೆ ಕೊಡದಿದ್ದರೆ ಕಳ್ಳನೆಂದು ಊಹಿಸುವ ಅಧಿಕಾರ ಕೋರ್ಟಿಗಿದೆ. ಆದ್ದರಿಂದ ಮಹಜರನ್ನು, ಅಂದರೆ ಮಾಲು ವಶಪಡಿಸುವಾಗ ಸಾಕ್ಷಿಗಳ ಮುಂದೆ ಪೊಲೀಸರು ಬರೆದ ದಾಖಲೆಯನ್ನು, ಸಾಲುಸಾಲಾಗಿ ಓದಬೇಕು. ಸರದ ತೂಕ, ವಿನ್ಯಾಸ ಮೊದಲ ದೂರಿನಲ್ಲೇ ಇತ್ತೇ, ಅಥವಾ ಮಾಲು ಸಿಕ್ಕ ಮೇಲೆ ಪೂರಕ ಹೇಳಿಕೆಯಲ್ಲಿ ಬಂತೇ? ಸಿಕ್ಕ ಜಾಗ ಅವನೊಬ್ಬನಿಗೇ ಗೊತ್ತಿರುವಂಥದ್ದೋ, ಯಾರು ಬೇಕಾದರೂ ಇಡಬಹುದಾದ ಬಯಲೋ? ಮಹಜರಿಗೆ ಸಾಕ್ಷಿ ಹಾಕಿದ ಪಂಚರು ಆ ಬೀದಿಯವರೋ, ಬೇರೆ ಕೇಸುಗಳಲ್ಲೂ ಅದೇ ಠಾಣೆಗೆ ಸಹಿ ಹಾಕಿದವರೋ? ಗಿರವಿ ಅಂಗಡಿಯಿಂದ ವಶಪಡಿಸಿದ್ದರೆ ರಸೀದಿಯ ದಿನಾಂಕ ನೋಡಿ. ಕಳವಿಗಿಂತ ಹಿಂದಿನ ದಿನಾಂಕವಿದ್ದರೆ ಆ ರಿಕವರಿಯ ಕಥೆ ಮುಗಿಯಿತು. ಶೋಧ ಮತ್ತು ಜಪ್ತಿಯನ್ನು ವಿಡಿಯೋ ಮಾಡಬೇಕೆಂದು ಸುರಕ್ಷಾ ಸಂಹಿತೆಯ 105 ಹೇಳುತ್ತದೆ. ವಿಡಿಯೋ ಇಲ್ಲದಿದ್ದರೆ ಏಕಿಲ್ಲ ಎಂದು ತನಿಖಾಧಿಕಾರಿಯನ್ನು ಪಾಟೀ ಸವಾಲಿನಲ್ಲಿ ಕೇಳಲೇಬೇಕು.

ಬೆರಳಚ್ಚು ಹೊಂದಿದೆ ಎಂದರೆ ಎದೆಗುಂದಬೇಡಿ. ಅವನು ಅದೇ ಮನೆಗೆ ಪೇಂಟಿಂಗ್‌ಗೋ ಎಲೆಕ್ಟ್ರಿಕಲ್ ಕೆಲಸಕ್ಕೋ ಹೋಗಿದ್ದನೇ ಎಂದು ವಿಚಾರಿಸಿ, ಹಣ ಕೊಟ್ಟ ಯುಪಿಐ ದಾಖಲೆ, ವಾಟ್ಸಾಪ್ ಮೆಸೇಜು ತೆಗೆದಿಡಿ. ಬೀರುವಿನ ಒಳಭಾಗದಲ್ಲಿ ಅಚ್ಚು ಸಿಕ್ಕಿದ್ದರೆ ಮಾತ್ರ ಈ ವಿವರಣೆ ಕಷ್ಟ. ಸಿಸಿಟಿವಿ ತುಣುಕಿಗೆ ಸಾಕ್ಷ್ಯ ಅಧಿನಿಯಮದ 63ರ ಪ್ರಮಾಣಪತ್ರ ಬೇಕು, ಅದನ್ನು ರೆಕಾರ್ಡ್ ಮಾಡುವ ಡಿವಿಆರ್ ಯಂತ್ರದ ಗಡಿಯಾರ ಸರಿಯಿತ್ತೇ ಎಂಬುದೂ ಗೊತ್ತಾಗಬೇಕು. ಅವನು ಆ ಹೊತ್ತಿಗೆ ಬೇರೆಡೆ ಇದ್ದನೆಂದರೆ ಅಲ್ಲಿನ ಫೂಟೇಜ್ ಅಳಿಯುವ ಮೊದಲೇ ಕಾಪಿ ಮಾಡಿಸಿ, ಮೂಲವನ್ನು ಉಳಿಸಲು ವಕೀಲರಿಂದ ಕೋರ್ಟಿಗೆ ಅರ್ಜಿ ಹಾಕಿಸಿ. ಡಿವಿಆರ್ ಕೆಲವೇ ವಾರಗಳಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ, ತಡ ಮಾಡಿದರೆ ಒಳ್ಳೇ ಡಿಫೆನ್ಸ್ ಹೀಗೇ ಕಳೆದುಹೋಗುತ್ತದೆ.

ಜಾಮೀನು ಅರ್ಜಿ ಮೊದಲು ಮ್ಯಾಜಿಸ್ಟ್ರೇಟರ ಮುಂದೆ, ಸುರಕ್ಷಾ ಸಂಹಿತೆಯ 480ರ ಕೆಳಗೆ. ವಜಾ ಆದರೆ ಸೆಷನ್ಸ್ ಕೋರ್ಟು, ಆಮೇಲೆ ಹೈಕೋರ್ಟು, 483ರ ಕೆಳಗೆ. ಮಾಲು ವಶವಾಗಿದೆ, ಹಿಂದೆ ಕೇಸಿಲ್ಲ, ಕಾಯಂ ವಿಳಾಸವಿದೆ ಎಂಬ ಮೂರು ಅಂಶ ಅರ್ಜಿಯಲ್ಲಿ ಎದ್ದು ಕಾಣಬೇಕು. ಶ್ಯೂರಿಟಿಗೆ, ಅಂದರೆ ಜಾಮೀನುದಾರರಾಗಿ ನಿಲ್ಲಲು, ಗೊತ್ತಿರುವವರನ್ನೇ ಕರೆತನ್ನಿ: ಆಧಾರ್, ಪಹಣಿ ಅಥವಾ ಖಾತಾ, ತೆರಿಗೆ ರಸೀದಿ ಸಮೇತ. ಕೋರ್ಟ್ ಆವರಣದಲ್ಲಿ ದುಡ್ಡಿಗೆ ಸಿಗುವ ಶ್ಯೂರಿಟಿ ಬೇಡವೇ ಬೇಡ. ದಾಖಲೆ ನಕಲಿ ಎಂದಾದರೆ ಜಾಮೀನು ರದ್ದಾಗಿ ಹೊಸ ಕೇಸೂ ಬೀಳುತ್ತದೆ.

ಚಾರ್ಜ್‌ಶೀಟ್ ತಡವಾದರೆ ಕಡ್ಡಾಯ ಜಾಮೀನಿನ ಹಕ್ಕಿದೆ. ಗಡುವು 60 ದಿನವೋ 90 ದಿನವೋ ಎಂಬಲ್ಲಿ ವಾದ ಬರುತ್ತದೆ. 90 ದಿನ ಬೇಕಾದರೆ ಕನಿಷ್ಠ ಶಿಕ್ಷೆಯೇ 10 ವರ್ಷ ಇರಬೇಕೆಂದು ರಾಕೇಶ್ ಕುಮಾರ್ ಪೌಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. ಅದು ಹಳೇ ದಂಡ ಪ್ರಕ್ರಿಯಾ ಸಂಹಿತೆಯ ಪದಗಳ ಮೇಲೆ ಬಂದ ತೀರ್ಪು, ಹೊಸ ಸುರಕ್ಷಾ ಸಂಹಿತೆಯಲ್ಲಿ ಪದ ಸ್ವಲ್ಪ ಬದಲಾಗಿದೆ. ಆದರೂ ರಿಮ್ಯಾಂಡ್ ಆದ ದಿನವನ್ನೂ ಸೇರಿಸಿ ಎಣಿಸಿ, 61ನೇ ದಿನ ಬೆಳಿಗ್ಗೆಯೇ ಅರ್ಜಿ ಹಾಕಿಸಿ. ಅರ್ಜಿಗೂ ಮುನ್ನ ಚಾರ್ಜ್‌ಶೀಟ್ ಬಂದುಬಿಟ್ಟರೆ ಆ ಹಕ್ಕು ಹೋಯಿತು.

ಕಾಗದದ ಮೇಲೆ 14 ವರ್ಷ ಇದ್ದರೂ ಈ ಕೇಸುಗಳ ವಿಚಾರಣೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ನಡೆಯುತ್ತದೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ 3 ವರ್ಷ, ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್ 7 ವರ್ಷದವರೆಗೆ ಮಾತ್ರ ಶಿಕ್ಷೆ ಕೊಡಬಲ್ಲರು. ಮಾಲು ವಾಪಸ್ ಕೊಟ್ಟು ರಾಜಿಯಾದೆವು ಎಂದರೆ 331 ಮುಗಿಯುವುದಿಲ್ಲ, ಅದಕ್ಕೆ ಹೈಕೋರ್ಟಿಗೇ ಹೋಗಬೇಕು. ಶಿಕ್ಷೆಯಾದರೆ, ಮೊದಲ ತಪ್ಪಾಗಿದ್ದು ವಯಸ್ಸು 21ಕ್ಕಿಂತ ಕಡಿಮೆ ಇದ್ದರೆ ಜೈಲಿನ ಬದಲು ಒಳ್ಳೆಯ ನಡತೆಯ ಮುಚ್ಚಳಿಕೆ ಮೇಲೆ ಬಿಡಲು ಅವಕಾಶ ಕೊಡುವ 1958ರ ಪ್ರೊಬೇಷನ್ ಕಾಯ್ದೆಯ ಲಾಭವನ್ನು ಆ ದಿನವೇ ಕೇಳಬೇಕು. ಮೇಲ್ಮನವಿಗೆ 30 ದಿನ, ಸೆಷನ್ಸ್ ಕೋರ್ಟಿನಲ್ಲಿ. ಜಾಮೀನಿನ ಮೇಲೆ ಹೊರಗಿರುವವರಿಗೆ ಶಿಕ್ಷೆ 3 ವರ್ಷ ಮೀರದಿದ್ದರೆ, ಅಪೀಲು ಹಾಕುವವರೆಗೆ ತೀರ್ಪು ಕೊಟ್ಟ ಕೋರ್ಟೇ ಜಾಮೀನು ಕೊಡಬಹುದು. ಹಾಗಾಗಿ ತೀರ್ಪಿನ ದಿನ ಶ್ಯೂರಿಟಿದಾರರನ್ನು ದಾಖಲೆ ಸಮೇತ ಕರೆದುಕೊಂಡೇ ಹೋಗಿ.