ವಿದೇಶಿ ನೆರವಿನ ಸುದ್ದಿಯನ್ನು ಓದುವ ಬಗೆ

ನೆರೆಯ ದೇಶವೊಂದಕ್ಕೆ ಭಾರತ ಸಾವಿರಾರು ಕೋಟಿ ರೂಪಾಯಿ ನೆರವು ಘೋಷಿಸಿತೆಂಬ ಸುದ್ದಿ ಬಂದಾಗಲೆಲ್ಲ, ನಮ್ಮ ಶಾಲೆಗಳ ಸೂರು ಸೋರುತ್ತಿರುವಾಗ ಹೊರಗಿನವರಿಗೇಕೆ ಹಣ ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ವಾದಕ್ಕಿಳಿಯುವ ಮೊದಲು ಆ ಹಣ ಯಾವ ಬಗೆಯದೆಂದು ನೋಡಿಕೊಳ್ಳಬೇಕು.

ಘೋಷಿಸಿದ್ದು ಅನುದಾನವೋ ಸಾಲವೋ ಎಂಬುದನ್ನು ಮೊದಲು ಹುಡುಕಿ. ದೊಡ್ಡ ಮೊತ್ತದ ಘೋಷಣೆಗಳಲ್ಲಿ ಹಲವು, ರಫ್ತು-ಆಮದಿಗೆ ಹಣ ಒದಗಿಸುವ ಕೇಂದ್ರ ಸರ್ಕಾರದ ಎಕ್ಸಿಮ್ ಬ್ಯಾಂಕಿನ ಮೂಲಕ ಕೊಡುವ ಸಾಲಗಳಾಗಿರುತ್ತವೆ. ಇಂಥ ಸಾಲದಲ್ಲಿ ಸಾಮಾನ್ಯವಾಗಿ ಕನಿಷ್ಠ ಶೇ 75ರಷ್ಟು ಸರಕು ಮತ್ತು ಸೇವೆಯನ್ನು ಭಾರತದಿಂದಲೇ ಕೊಳ್ಳಬೇಕೆಂಬ ಷರತ್ತಿರುವುದರಿಂದ, ಬ್ಯಾಂಕು ಹಣವನ್ನು ಬಹುಪಾಲು ಇಲ್ಲಿನ ಗುತ್ತಿಗೆದಾರರಿಗೂ ರಫ್ತುದಾರರಿಗೂ ಪಾವತಿಸುತ್ತದೆ. ಮರುಪಾವತಿಯ ಹೊಣೆ ಮಾತ್ರ ಸಾಲ ಪಡೆದ ದೇಶದ್ದು. ಅದನ್ನು ದಾನವೆಂದು ಹೊಗಳುವುದೂ ಪೋಲೆಂದು ಹಳಿಯುವುದೂ ಸರಿಯಲ್ಲ. ಆ ದೇಶಕ್ಕೆ ಸಾಲ ತೀರಿಸುವ ಶಕ್ತಿ ಇದೆಯೇ ಎಂದು ಕೇಳುವುದೇ ಇಲ್ಲಿ ಮುಖ್ಯ.

ಅನುದಾನವಾದರೆ ಕೇಂದ್ರ ಬಜೆಟ್ಟಿನಲ್ಲಿ ವಿದೇಶಾಂಗ ಸಚಿವಾಲಯದ ವೆಚ್ಚದ ಪಟ್ಟಿಯನ್ನು ತೆರೆಯಿರಿ. ಅಲ್ಲಿ ದೇಶವಾರು ಸಾಲುಗಳಿದ್ದು, 2025-26ರಲ್ಲಿ ಭೂತಾನಿಗೆ 2,150 ಕೋಟಿ ರೂಪಾಯಿ ಮೀಸಲಾಗಿತ್ತು. ಬಜೆಟ್ ಅಂದಾಜನ್ನಷ್ಟೇ ಓದಿ ನಿಲ್ಲಬೇಡಿ. ಪಕ್ಕದಲ್ಲಿರುವ ಪರಿಷ್ಕೃತ ಅಂದಾಜನ್ನೂ (ವರ್ಷದ ನಡುವೆ ತಿದ್ದಿದ ಲೆಕ್ಕ), ಎರಡು ವರ್ಷ ಹಿಂದಿನ ವಾಸ್ತವ ವೆಚ್ಚವನ್ನೂ ಹೋಲಿಸಿ. 2023-24ರಲ್ಲಿ ಮಾಲ್ದೀವ್ಸ್‌ಗೆಂದು ಇಟ್ಟಿದ್ದ 400 ಕೋಟಿ, ಪರಿಷ್ಕೃತ ಅಂದಾಜಿನಲ್ಲಿ ಸುಮಾರು 771 ಕೋಟಿಗೆ ಏರಿತ್ತು. ಎರಡು ದೇಶಗಳ ಸಂಬಂಧ ಹದಗೆಟ್ಟಿದೆಯೆಂದು ಎಲ್ಲರೂ ಮಾತಾಡುತ್ತಿದ್ದ ಹೊತ್ತಿನ ಲೆಕ್ಕ ಇದು. ಭಾಷಣ ಹೇಳದ ವಿದೇಶಾಂಗ ನೀತಿಯನ್ನು ಇಂಥ ಒಂದು ಸಾಲು ಹೇಳಿಬಿಡುತ್ತದೆ.

ಮೊತ್ತವನ್ನು ಒಟ್ಟು ವೆಚ್ಚದ ಪಕ್ಕದಲ್ಲಿಟ್ಟೂ ನೋಡಿ. 2025-26ರ ವಿದೇಶಿ ನೆರವಿನ ಹಂಚಿಕೆ ಸುಮಾರು 5,483 ಕೋಟಿ, ಕೇಂದ್ರದ ಒಟ್ಟು ವೆಚ್ಚ 50 ಲಕ್ಷ ಕೋಟಿಗೂ ಹೆಚ್ಚು. ಅಂದರೆ ಸಾವಿರಕ್ಕೆ ಒಂದು ರೂಪಾಯಿಯಷ್ಟು. ಇದನ್ನು ನಿಲ್ಲಿಸಿದರೆ ಶಾಲೆಗಳ ಕೊರತೆ ನೀಗುತ್ತದೆಂಬ ವಾದ ನಿಲ್ಲುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಶ್ರೀಮಂತ ದೇಶಗಳ ನೆರವನ್ನು ಅಳೆಯುವಾಗ ರಾಷ್ಟ್ರೀಯ ಆದಾಯದ ಶೇ 0.7 ಎಂಬ, 1970ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಗುರಿಯನ್ನು ಬಳಸಿ. ಬ್ರಿಟನ್ ತನ್ನ ಪಾಲನ್ನು 2027ರ ಹೊತ್ತಿಗೆ ಶೇ 0.3ಕ್ಕೆ ಇಳಿಸುವುದಾಗಿ ಹೇಳಿದೆ. ತಮ್ಮದೇ ನೆಲದಲ್ಲಿ ನಿರಾಶ್ರಿತರಿಗೆ ಮೊದಲ ವರ್ಷ ಮಾಡಿದ ಖರ್ಚನ್ನೂ ಈ ದೇಶಗಳು ನೆರವಿನ ಲೆಕ್ಕಕ್ಕೆ ಸೇರಿಸಬಹುದಾದ್ದರಿಂದ, ಬಡ ದೇಶಕ್ಕೆ ತಲುಪಿದ್ದೆಷ್ಟು ಎಂಬುದನ್ನು ಬೇರೆಯಾಗಿಯೇ ಹುಡುಕಬೇಕು.

ನಾವು ಪಡೆಯುವವರಾಗಿರುವಾಗಲೂ ಇದೇ ಎಚ್ಚರ ಬೇಕು. ಬೆಂಗಳೂರಿನ 110 ಹಳ್ಳಿಗಳಿಗೆ ನೀರು ಕೊಡುವ, 2024ರ ಅಕ್ಟೋಬರಿನಲ್ಲಿ ಚಾಲನೆ ಪಡೆದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತಕ್ಕೆ ಜಪಾನ್ ಸರ್ಕಾರದ ನೆರವು ಸಂಸ್ಥೆಯಾದ ಜೈಕಾ ಸಾಲ ಕೊಟ್ಟಿದೆ. ಅದರ ಬಡ್ಡಿ, ಅವಧಿ, ಮರುಪಾವತಿಯ ಹೊಣೆ ಮತ್ತು ನೀರಿನ ದರದ ಮೇಲಾಗುವ ಪರಿಣಾಮವನ್ನು ಜಲಮಂಡಳಿಯಿಂದ ಮಾಹಿತಿ ಹಕ್ಕಿನ ಅರ್ಜಿಯ ಮೂಲಕ ಕೇಳಬಹುದು. ಒಪ್ಪಂದದ ಪ್ರತಿಯನ್ನೂ ಅದೇ ಅರ್ಜಿಯಲ್ಲಿ ಕೋರಿ.