ಆರಿದ್ರಾ ಮಳೆಗೆ ಕೊಳ್ಳುವ ಆಟಗಳು

ಕಂಪ್ಯೂಟರ್ ಆಟಗಳನ್ನು ಬಿಡುಗಡೆಯ ದಿನವೇ ಕೊಳ್ಳುವ ಚಟವನ್ನು ನನಗೆ ಬಿಡಿಸಿದ್ದು 2022ರ ನವೆಂಬರ್. ತೀರ್ಥಹಳ್ಳಿ ಕಡೆಯ ನಮ್ಮ ಊರಿನಲ್ಲಿ ನವೆಂಬರ್ ಎಂದರೆ ಅಡಿಕೆ ಕೊಯ್ಲು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರ ಬರುವ ದಿನವನ್ನು ನಾವು ಗೊತ್ತು ಮಾಡುವುದಿಲ್ಲ, ಅವನು ಮಾಡುತ್ತಾನೆ. ಆ ವರ್ಷ ಅವನು ಹಗ್ಗ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಬಂದದ್ದು, ಎರಡು ತಿಂಗಳ ಮೊದಲೇ ನಾನು ಪೂರ್ತಿ ಹಣ ಕಟ್ಟಿ ಕಾದಿರಿಸಿದ್ದ ಆಟ ಬಿಡುಗಡೆಯಾದ ದಿನವೇ.

ಹಗಲೆಲ್ಲ ಅಡಿಕೆ ಗೊನೆಗಳನ್ನು ಹೊತ್ತು, ಸಂಜೆ ಸುಲಿಯುವವರ ಲೆಕ್ಕ ಬರೆದು, ರಾತ್ರಿ ಒಂಬತ್ತೂವರೆಗೆ ಕಂಪ್ಯೂಟರ್ ಮುಂದೆ ಕುಳಿತೆ. ಬೆರಳುಗಳಿಗೆ ಹತ್ತಿದ ಚೊಗರಿನ ಬಣ್ಣ ಹೋಗಿರಲಿಲ್ಲ. ಆಟ ತೆರೆದರೆ ಶೇಡರ್‌ಗಳು ತಯಾರಾಗುತ್ತಿವೆ ಎಂಬ ಪಟ್ಟಿ ಪರದೆಯ ಮೇಲೆ ಆಮೆಯಂತೆ ತೆವಳುತ್ತಿತ್ತು. ಬೆಳಕು, ನೆರಳು, ನೀರಿನ ಹೊಳಪನ್ನು ಹೇಗೆ ಬಿಡಿಸಬೇಕೆಂದು ಗ್ರಾಫಿಕ್ಸ್ ಕಾರ್ಡಿಗೆ ತಿಳಿಸುವ ಸಣ್ಣ ಪ್ರೋಗ್ರಾಮುಗಳೇ ಶೇಡರ್‌ಗಳು. ಆಯಾ ಕಂಪ್ಯೂಟರಿನ ಕಾರ್ಡಿಗೆ ತಕ್ಕಂತೆ ಅವುಗಳನ್ನು ಅಲ್ಲಿಯೇ ಸಿದ್ಧ ಮಾಡಿಕೊಳ್ಳಬೇಕಾಗುತ್ತದೆ. ಅದು ಮುಗಿಯಲಿ ಎಂದು ಹಾಗೆಯೇ ಬಿಟ್ಟು, ಹಂಡೆಯ ಒಲೆ ನೋಡಲು ಹೋದೆ. ಅಲ್ಲಿ ಸೌದೆ ಸರಿಮಾಡಿ, ಬೆಂದ ಅಡಿಕೆ ಎತ್ತಿ ಬರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಕೊನೆಗೂ ಆಡತೊಡಗಿದರೆ ನಾಯಕ ನಾಲ್ಕು ಹೆಜ್ಜೆ ಹಾಕಿ ಕಲ್ಲಾಗಿ ನಿಲ್ಲುತ್ತಿದ್ದ, ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಕಲ್ಲು. ಮಧ್ಯೆ ಒಮ್ಮೆ ಕರೆಂಟೂ ಹೋಯಿತು.

ಹಣ ಹಿಂದಕ್ಕೆ ಪಡೆಯೋಣವೆಂದರೆ ಅಷ್ಟರಲ್ಲಿ ಗಡಿ ದಾಟಿದ್ದೆ. ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ 14 ದಿನಗಳೊಳಗೆ, ಆಡಿದ ಅವಧಿ 2 ಗಂಟೆಗಿಂತ ಕಡಿಮೆಯಿದ್ದರೆ ಹಣ ವಾಪಸು ಕೇಳಬಹುದು. ಆದರೆ ಆ ಗಡಿಯಾರ ಓಡತೊಡಗುವುದು ಆಟ ತೆರೆದ ಕ್ಷಣದಿಂದ, ನೀವು ಆಡತೊಡಗಿದ ಕ್ಷಣದಿಂದಲ್ಲ. ನನ್ನ ಲೆಕ್ಕದಲ್ಲಿ 2 ಗಂಟೆ 20 ನಿಮಿಷ ಬಿದ್ದಿತ್ತು. ನಿಯಮ ಓದದೆ ಒಲೆಯ ಹತ್ತಿರ ಹೋದವನು ನಾನೇ, ಬೈಯುವುದು ಯಾರನ್ನು? ಮುಂದಿನ ಜೂನ್‌ನಲ್ಲಿ ಅದೇ ಆಟ ಅರ್ಧ ಬೆಲೆಗೆ ಸಿಗುತ್ತಿತ್ತು, ಎಲ್ಲೂ ತಡವರಿಸದೆ ಓಡುತ್ತಲೂ ಇತ್ತು.

ಅಪ್ಪಯ್ಯನಿಗೆ ಇದನ್ನು ಹೇಳಬಾರದಿತ್ತು, ಹೇಳಿದೆ. ಒಳ್ಳೆಯ ದರ ಬರಲಿ ಎಂದು ರಾಶಿ ಅಡಿಕೆಯ ಮೂಟೆಗಳನ್ನು ಮೂರು ವರ್ಷ ಅಟ್ಟದ ಮೇಲಿಟ್ಟು ಕಾದ ಮನುಷ್ಯ ಅವರು. "ಇಟ್ಟಷ್ಟೂ ಬೆಲೆ ಇಳಿಯುವ ಮಾಲು ಎಂದು ಗೊತ್ತಿದ್ದೂ ಹೊಸದರಲ್ಲೇ ಕೊಂಡೆಯಲ್ಲೋ ಮಾರಾಯ!" ಎಂದರು. ಅಡಿಕೆಯ ವಿಷಯದಲ್ಲಿ ಅವರ ಲೆಕ್ಕ ಎಷ್ಟೋ ಸಲ ತಪ್ಪಿದೆ. ಇದರಲ್ಲಿ ತಪ್ಪಿರಲಿಲ್ಲ.

ಆಮೇಲೆ ಕುಳಿತು ಯೋಚಿಸಿದಾಗ ಗೊತ್ತಾದದ್ದು, ನನ್ನ ಜಗಳ ಬೆಲೆಯ ಜೊತೆಗಲ್ಲ, ಪಂಚಾಂಗದ ಜೊತೆಗೆ. ದೊಡ್ಡ ಕಂಪನಿಗಳು ತಮ್ಮ ದೊಡ್ಡ ಆಟಗಳಲ್ಲಿ ಹೆಚ್ಚಿನವನ್ನು ಅಕ್ಟೋಬರ್, ನವೆಂಬರ್ ಹೊತ್ತಿಗೆ ತರುತ್ತವೆ, ಏಕೆಂದರೆ ಅಮೆರಿಕ, ಯೂರೋಪುಗಳಲ್ಲಿ ಕ್ರಿಸ್ಮಸ್ ಉಡುಗೊರೆಯ ವ್ಯಾಪಾರ ಶುರುವಾಗುವುದೇ ಆಗ. ನಮಗೆ ಅದೇ ಹೊತ್ತಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಇನ್ನೊಂದು ಕಡೆ, ಸ್ಟೀಮ್‌ನವರ ದೊಡ್ಡ ರಿಯಾಯಿತಿ ಮಾರಾಟ ಜೂನ್ ಕೊನೆಯಿಂದ ಜುಲೈ ಮೊದಲ ಭಾಗದವರೆಗೆ ನಡೆಯುತ್ತದೆ. ಅದನ್ನು ಅವರು ಬೇಸಿಗೆ ಮಾರಾಟ ಎನ್ನುತ್ತಾರೆ. ನಮ್ಮಲ್ಲಿ ಅದು ಸರಿಯಾಗಿ ಆರಿದ್ರಾ ಮಳೆ. ಮಳೆ ಜೋರಾಗುವ ಮೊದಲು ಮೈಲುತುತ್ತ, ಸುಣ್ಣ ಕಲಸಿ ತೋಟಕ್ಕೆ ಮದ್ದು ಹೊಡೆದು ಮುಗಿಸಿದರೆ, ಆರಿದ್ರಾ ಜಡಿಯಲ್ಲಿ ಮನೆಯೊಳಗೇ ಇರಬೇಕು. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ" ಎನ್ನುವ ಗಾದೆಯನ್ನು ಹಿರಿಯರು ಬೇಸಾಯಕ್ಕೆ ಕಟ್ಟಿದ್ದರು, ನಾನು ಆಟ ಕೊಳ್ಳುವುದಕ್ಕೂ ಹಾಕಿಕೊಂಡೆ.

ಈಗ ನಾನು ಮಾಡುವುದು ಇಷ್ಟೇ. ಆಸೆಯಾದ ಆಟವನ್ನು ಸ್ಟೀಮ್‌ನ ಬಯಕೆಪಟ್ಟಿಗೆ ಸೇರಿಸಿ ಮರೆತುಬಿಡುತ್ತೇನೆ. ಆರಿದ್ರಾ ಬಂದಾಗ ಪಟ್ಟಿ ತೆರೆದು, ಒಂದೊಂದರ ಹಿಂದಿನ ಬೆಲೆಗಳನ್ನೂ ಸ್ಟೀಮ್‌ಡಿಬಿ ಎಂಬ ಜಾಲತಾಣದಲ್ಲಿ ನೋಡುತ್ತೇನೆ. ಹೋದ ಸಲ ಎಷ್ಟಕ್ಕೆ ಇಳಿದಿತ್ತೋ ಅದಕ್ಕಿಂತ ಮೇಲಿದ್ದರೆ ಮುಟ್ಟುವುದಿಲ್ಲ. ಬಿಡುಗಡೆಯಾಗಿ ಒಂದು ವರ್ಷ ತುಂಬದ ಆಟವನ್ನೂ ಮುಟ್ಟುವುದಿಲ್ಲ. ಪಟ್ಟಿ ತೆರೆದಾಗಲೆಲ್ಲ ಒಂದು ತಮಾಷೆ ನಡೆಯುತ್ತದೆ. ಅರ್ಧಕ್ಕರ್ಧ ಆಟಗಳನ್ನು ಯಾಕೆ ಸೇರಿಸಿದ್ದೆನೆಂದೇ ನೆನಪಾಗುವುದಿಲ್ಲ, ಅಳಿಸಿಹಾಕುತ್ತೇನೆ. ಲೆಕ್ಕ ಹಾಕಿದರೆ ಬೆಲೆ ಇಳಿದು ಉಳಿದ ಹಣಕ್ಕಿಂತ ಆಸೆ ಇಳಿದು ಉಳಿದ ಹಣವೇ ಹೆಚ್ಚು.

ಕಾದದ್ದಕ್ಕೆ ಸಿಕ್ಕ ದೊಡ್ಡ ಬಹುಮಾನ ಸೈಬರ್‌ಪಂಕ್ 2077. ಅದು 2020ರ ಡಿಸೆಂಬರ್ 10ರಂದು ಬಂದಾಗ, ವಿಶೇಷವಾಗಿ ಹಳೆಯ ಕನ್ಸೋಲ್‌ಗಳಲ್ಲಿ (ಟಿವಿಗೆ ಜೋಡಿಸಿ ಆಡುವ ಯಂತ್ರಗಳಲ್ಲಿ) ಎಷ್ಟು ದೋಷಗಳಿದ್ದವೆಂದರೆ ಸೋನಿ ಸುಮಾರು ಒಂದು ವಾರದಲ್ಲೇ ಅದನ್ನು ತನ್ನ ಪ್ಲೇಸ್ಟೇಷನ್ ಅಂಗಡಿಯಿಂದ ತೆಗೆದುಹಾಕಿತು. ಮತ್ತೆ ಮಾರಾಟಕ್ಕೆ ಬಂದದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ಬಂದ 2.0 ಪ್ಯಾಚ್ (ಆಟವನ್ನು ತಿದ್ದುವ ಹೊಸ ಕಂತು) ಪೊಲೀಸರ ವರ್ತನೆ, ಕೌಶಲಗಳ ವ್ಯವಸ್ಥೆ ಎಲ್ಲವನ್ನೂ ಹೊಸದಾಗಿ ಕಟ್ಟಿತು. ನಾನು ಅದನ್ನು ಆಡಿದ್ದು 2024ರ ಮಳೆಗಾಲದಲ್ಲಿ. ಹೊರಗೆ ಹಂಚಿನ ಮೇಲೆ ಮಳೆ, ಒಳಗೆ ಪರದೆಯ ನಗರದಲ್ಲೂ ಮಳೆ, ಎಲ್ಲಿಯೂ ಒಂದು ತೊಡಕಿಲ್ಲ. ಸೈಬರ್‌ಪಂಕ್ ಮಾಡಿದ ಕಂಪನಿಯದ್ದೇ ಇನ್ನೊಂದು ಆಟ ವಿಚರ್ 3 ಬಂದದ್ದು 2015ರ ಮೇ ತಿಂಗಳಲ್ಲಿ. ಆಮೇಲೆ ಎರಡು ದೊಡ್ಡ ಉಪಕಥೆಗಳು ಬಂದವು. 2022ರ ಡಿಸೆಂಬರ್‌ನಲ್ಲಿ ಚಿತ್ರದ ಗುಣಮಟ್ಟವನ್ನೇ ಮೇಲೆತ್ತಿದ ಪ್ಯಾಚ್ ಒಂದು ಬಿಟ್ಟಿಯಾಗಿ ಬಂತು. ತಡವಾಗಿ ಬಂದವನಿಗೆ ಪೂರ್ತಿ ಊಟ ಒಂದೇ ಎಲೆಯಲ್ಲಿ.

ಹಳ್ಳಿಯಲ್ಲಿರುವವರಿಗೆ ಬೆಲೆಗಿಂತ ದೊಡ್ಡ ತೊಂದರೆ ಗಾತ್ರದ್ದು. ಬಾಲ್ಡರ್ಸ್ ಗೇಟ್ 3 ಎಂಬ ಆಟಕ್ಕೆ ಬೇಕಾದ ಜಾಗ 150 ಜಿಬಿ. ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ಡೇಟಾದಲ್ಲಿ ಇಳಿಸಿದರೆ 75 ದಿನ, ಅಂದರೆ ಆರಿದ್ರಾದಲ್ಲಿ ಶುರು ಮಾಡಿದವನು ಚೌತಿ ಹಬ್ಬದ ಹೊತ್ತಿಗೆ ಆಡಬಹುದು. ನಮ್ಮ ಮನೆಗೆ ಫೈಬರ್ ಬರುವ ಮೊದಲು ಶಿವಮೊಗ್ಗದ ವಿನೋಬನಗರದಲ್ಲಿರುವ ಅಕ್ಕನ ಮನೆಗೆ ಹಾರ್ಡ್ ಡಿಸ್ಕ್ ಹೊತ್ತುಕೊಂಡು ಹೋಗುತ್ತಿದ್ದೆ. ಮಂಡಿಗೆ ಅಡಿಕೆ ಒಯ್ದ ದಿನ ಅಲ್ಲಿ ಉಳಿದು, ರಾತ್ರಿಯಿಡೀ ಇಳಿಸಿ, ಬೆಳಿಗ್ಗೆ ಬಸ್ಸು ಹತ್ತುವುದು. ಆಟದ ಫೋಲ್ಡರನ್ನು ಹಾಗೆಯೇ ನಕಲು ಮಾಡಿ ಮನೆಯ ಕಂಪ್ಯೂಟರಿನ ಸ್ಟೀಮ್ ಫೋಲ್ಡರಿಗೆ ಹಾಕಿದರೆ, ಇನ್‌ಸ್ಟಾಲ್ ಒತ್ತಿದಾಗ ಅದು ಇರುವ ಫೈಲುಗಳನ್ನು ಪರೀಕ್ಷಿಸಿ ಕೊರತೆಯಿರುವುದನ್ನು ಮಾತ್ರ ಇಳಿಸಿಕೊಳ್ಳುತ್ತದೆ. ಈಗಲೂ ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ಹರಿದರೆ ವಾರಗಟ್ಟಲೆ ಸಂಪರ್ಕವಿರುವುದಿಲ್ಲ. ಅದಕ್ಕೆ ಕೊಂಡ ದಿನವೇ ಇಳಿಸಿಕೊಳ್ಳುತ್ತೇನೆ, ಸ್ಟೀಮ್ ಅನ್ನು ಆಫ್‌ಲೈನ್ ಸ್ಥಿತಿಯಲ್ಲಿಟ್ಟು ಆಡುತ್ತೇನೆ. ಬಿಡುಗಡೆಯ ವಾರದ ಆಟಗಳಲ್ಲಿ ದಿನ ಬಿಟ್ಟು ದಿನ ಹತ್ತಾರು ಜಿಬಿಯ ಪ್ಯಾಚ್ ಬರುವುದುಂಟು. ಹಳೆಯ ಆಟಗಳಿಗೆ ಆ ಗೋಳಿಲ್ಲ.

ಅಕ್ಕನ ಮಗ ಇದನ್ನೆಲ್ಲ ಒಪ್ಪುವುದಿಲ್ಲ. ಅವನದು ಡಿಸ್ಕ್ ಹಾಕುವ ಪಿಎಸ್5, ಅಂದರೆ ಸೋನಿಯ ಪ್ಲೇಸ್ಟೇಷನ್ 5 ಕನ್ಸೋಲ್. "ಮಾವ, ನಾನು ಹೊಸದರಲ್ಲಿ 4,999 ಕೊಟ್ಟು ಕೊಂಡು, ಮೂರು ವಾರದಲ್ಲಿ ಮುಗಿಸಿ, 3,800ಕ್ಕೆ ಮಾರುತ್ತೇನೆ. ನನಗೆ ಬಿದ್ದದ್ದು 1,199. ನೀವು ವರ್ಷ ಕಾದು ಕೊಟ್ಟದ್ದೆಷ್ಟು?" ಎಂದು ಕೇಳಿದ. ನಾನು ಕೊಟ್ಟದ್ದು ಅದಕ್ಕಿಂತ ಹೆಚ್ಚು, ಅದನ್ನು ಮತ್ತೆ ಮಾರುವಂತೆಯೂ ಇಲ್ಲ. ಡಿಸ್ಕ್ ಇರುವವರಿಗೆ, ಬೇಗ ಮುಗಿಸಿ ಬೇಗ ಕೈದಾಟಿಸುವ ಶಿಸ್ತಿದ್ದರೆ, ಬಿಡುಗಡೆಯ ದಿನ ಕೊಳ್ಳುವುದೇ ಅಗ್ಗವಾಗಬಹುದು. ಅವನ ಕಪಾಟಿನಲ್ಲಿ ಅರ್ಧಕ್ಕೆ ನಿಂತು ಮಾರದೆ ಉಳಿದ ಡಿಸ್ಕ್‌ಗಳು ಎಷ್ಟಿವೆ ಎಂದು ನಾನೂ ಕೇಳಿದೆ. ಅವನು ಮಾತು ಬದಲಿಸಿದ.

ಕಾಯುವುದು ಎಲ್ಲ ಕಡೆಯೂ ನಡೆಯುವುದಿಲ್ಲ. ಜಪಾನಿನ ಆಟದ ಕಂಪನಿ ನಿಂಟೆಂಡೊ ತನ್ನದೇ ಆಟಗಳ ಬೆಲೆಯನ್ನು ಇಳಿಸುವುದು ಅಪರೂಪ, ಅಲ್ಲಿ ಕಾದು ಫಲವಿಲ್ಲ. ಫ್ಯಾಕ್ಟೋರಿಯೊ ಎಂಬ ಕಾರ್ಖಾನೆ ಕಟ್ಟುವ ಆಟದ್ದು ಇನ್ನೂ ವಿಚಿತ್ರ. ರಿಯಾಯಿತಿ ಕೊಡುವುದೇ ಇಲ್ಲ ಎಂಬುದು ಅದನ್ನು ಮಾಡಿದವರ ನಿಯಮ. 2023ರ ಜನವರಿಯಲ್ಲಿ ಅದರ ಬೆಲೆಯನ್ನು 30 ಡಾಲರ್‌ನಿಂದ 35ಕ್ಕೆ ಏರಿಸಿದರು. ಅಪ್ಪಯ್ಯನಿಗೆ ಹೇಳಿದಾಗ, "ಅವರು ವ್ಯಾಪಾರ ಬಲ್ಲವರು" ಎಂದು ಮೆಚ್ಚಿಕೊಂಡರು.

ನನ್ನ ಪದ್ಧತಿ ಪೂರ್ತಿ ಕೈಕೊಟ್ಟದ್ದು ಒಮ್ಮೆ. 2024ರ ಫೆಬ್ರವರಿಯಲ್ಲಿ ಹೆಲ್‌ಡೈವರ್ಸ್ 2 ಬಂತು, ನಾಲ್ಕು ಜನ ಸೇರಿ ಆಡುವ ಆಟ. ಪಾಲಿಟೆಕ್ನಿಕ್‌ನಲ್ಲಿ ಒಂದೇ ಕೋಣೆಯಲ್ಲಿದ್ದ ಮೂವರು ಗೆಳೆಯರು, ಒಬ್ಬ ಬೆಂಗಳೂರು, ಒಬ್ಬ ಪುಣೆ, ಒಬ್ಬ ಸಾಗರ, ಮೊದಲ ವಾರವೇ ಕೊಂಡು ನನ್ನನ್ನೂ ಕರೆದರು. ಮಳೆಗಾಲಕ್ಕೆ ಬರುತ್ತೇನೆ ಎಂದೆ. ಪ್ರತಿ ಶನಿವಾರ ರಾತ್ರಿ ಅವರು ಆಡುತ್ತಿದ್ದರು, ಭಾನುವಾರ ಬೆಳಿಗ್ಗೆ ವಾಟ್ಸ್‌ಆ್ಯಪ್ ತುಂಬ ಯಾರು ಯಾರ ಮೇಲೆ ಬಾಂಬು ಹಾಕಿದರೆಂಬ ಜಗಳ. ವರ್ಷ ತುಂಬಿರದಿದ್ದರೂ, ಹೇಳಿದ ಮಾತಿನಂತೆ ನಾನು ಆರಿದ್ರಾದಲ್ಲಿ ಕೊಂಡೆ. ಅಷ್ಟರಲ್ಲಿ ಪುಣೆಯವನಿಗೆ ಮಗಳು ಹುಟ್ಟಿದ್ದಳು, ಬೆಂಗಳೂರಿನವನಿಗೆ ರಾತ್ರಿ ಪಾಳಿ ಬಿದ್ದಿತ್ತು. ಸಾಗರದವನು ಮತ್ತು ನಾನು ಎರಡು ಶನಿವಾರ ಆಡಿದೆವು. ಗೊತ್ತಿಲ್ಲದ ಯಾರೋ ಇಬ್ಬರು ನಮ್ಮ ಜೊತೆ ಬಂದು ಸೇರುತ್ತಿದ್ದರು, ಮಾತಿಲ್ಲ ಕತೆಯಿಲ್ಲ. ಮೂರನೆಯ ಶನಿವಾರ ಅವನ ಊರಿನಲ್ಲಿ ಕರೆಂಟಿರಲಿಲ್ಲ, ನಾಲ್ಕನೆಯದು ನಮ್ಮಲ್ಲಿ. ಅಲ್ಲಿಂದ ಆ ಆಟವನ್ನು ತೆರೆದಿಲ್ಲ. ಗೆಳೆಯರು ಕರೆದ ಆಟಕ್ಕೆ ಈಗ ಬೆಲೆ ನೋಡುವುದಿಲ್ಲ, ಕೊಯ್ಲು ಇದ್ದರೂ ಸರಿ, ಅವರು ಕೊಂಡ ವಾರವೇ ಕೊಳ್ಳುತ್ತೇನೆ.

ಈಗ ಮನೆಯಲ್ಲಿ ಚರ್ಚೆ ಜಿಟಿಎ 6 (ಗ್ರ್ಯಾಂಡ್ ಥೆಫ್ಟ್ ಆಟೊ 6) ಎಂಬ ಆಟದ್ದು. 2026ರ ನವೆಂಬರ್ 19ಕ್ಕೆ ಬರುತ್ತದೆ ಎಂದು ಕಂಪನಿ ಪ್ರಕಟಿಸಿದೆ, ಅದೂ ಪಿಎಸ್5 ಮತ್ತು ಎಕ್ಸ್‌ಬಾಕ್ಸ್‌ಗೆ. ನನ್ನಂಥ ಕಂಪ್ಯೂಟರಿನವರ ಸುದ್ದಿಯನ್ನೇ ಆ ಪ್ರಕಟಣೆ ಎತ್ತಿಲ್ಲ. ಹಿಂದಿನ ಜಿಟಿಎ 5 ಕನ್ಸೋಲ್‌ಗೆ 2013ರ ಸೆಪ್ಟೆಂಬರ್‌ನಲ್ಲಿ ಬಂದರೆ ಕಂಪ್ಯೂಟರಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ, ಹಾಗಾಗಿ ನಾನು ನಿಶ್ಚಿಂತ. ಅಕ್ಕನ ಮಗ ಮಾತ್ರ ಈಗಿನಿಂದಲೇ ದುಡ್ಡು ಕೂಡಿಡುತ್ತಿದ್ದಾನೆ. "ಆ ವಾರ ಪಿಎಸ್5 ಹಿಡಿದುಕೊಂಡು ನಮ್ಮ ಮನೆಗೇ ಬಾರೋ, ಹಗಲು ಅಡಿಕೆ ಸುಲಿ, ರಾತ್ರಿ ಇಬ್ಬರೂ ಆಡೋಣ" ಎಂದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.